ಅವಕಲನ ಚಿಹ್ನೆಯ ಗಣಿತ: ಒಂದು ಪುರಸ್ಕಾರ, ಒಂದು ತಿರಸ್ಕಾರ

ಸ್ಥಿರ ಗುಣಕಗಳುಳ್ಳ ರೇಖೀಯ ಅವಕಲ ಸಮೀಕರಣವನ್ನು ಬಿಡಿಸುವಾಗ ನಮ್ಮ ವಿದ್ಯಾರ್ಥಿಗಳು ‘ಡಿ’ ಎಂಬ ಅಕ್ಷರವನ್ನು ಸಂಖ್ಯೆಯೋ ಎಂಬಂತೆ ಗುಣಿಸುತ್ತಾರೆ, ಭಾಗಿಸುತ್ತಾರೆ. ವಾಸ್ತವವಾಗಿ ಡಿ ಸಂಖ್ಯೆಯಲ್ಲ; ‘ಮುಂದಿರುವ ಫಲನವನ್ನು ಅವಕಲಿಸು’ ಎಂಬ ಆಜ್ಞೆ. ಆಜ್ಞೆಯಿಂದ ಭಾಗಿಸುವುದೆಂದರೇನು? ಇತಿಹಾಸದ ಅಧ್ಯಾಪಕನೊಬ್ಬನು ಇದನ್ನು ಕೇಳುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಉತ್ತರ ದೊರೆತ ಬಗೆ ಇತಿಹಾಸಕ್ಕೇ ಸೇರಿದುದು.

ಮೊದಲು ಉದಾಹರಣೆಯೊಂದನ್ನು ನೋಡೋಣ. ಎಡಪಕ್ಷದಲ್ಲಿ (ಡಿ² − 3ಡಿ + 2)ವೈ, ಬಲಪಕ್ಷದಲ್ಲಿ ‘ಇ’ ಸಂಖ್ಯೆಯ 3ಎಕ್ಸ್ ಘಾತ ಇರಲಿ. ಈ ಘಾತವನ್ನು ಅವಕಲಿಸಿದಾಗಲೆಲ್ಲ ಅದೇ ಫಲನವು 3ರಿಂದ ಗುಣಿತವಾಗಿ ಹಿಂತಿರುಗುತ್ತದೆ. ಆದುದರಿಂದ ಇದರ ಮಟ್ಟಿಗೆ ಡಿ ಎಂದರೆ 3. ಹಾಗೆ ಆದೇಶಿಸಿದರೆ 9 − 9 + 2, ಅಂದರೆ 2. ಬಲಪಕ್ಷದ ಅರ್ಧವೇ ವಿಶೇಷ ಪರಿಹಾರ. ಎಡಪಕ್ಷವು (ಡಿ − 1)(ಡಿ − 2) ಎಂದು ಒಡೆಯುವುದರಿಂದ, ‘ಇ’ಯ ಎಕ್ಸ್ ಮತ್ತು 2ಎಕ್ಸ್ ಘಾತಗಳ ಸ್ಥಿರ ಗುಣಿತಗಳನ್ನು ಇದಕ್ಕೆ ಕೂಡಿಸಿದರೆ ಸಾಮಾನ್ಯ ಪರಿಹಾರ ಪೂರ್ಣವಾಗುತ್ತದೆ. ಬಲಪಕ್ಷದಲ್ಲಿ 2ಎಕ್ಸ್ ಘಾತವೇ ಇದ್ದರೆ ಛೇದವು ಶೂನ್ಯ; ಆಗ 2ಡಿ − 3ರಲ್ಲಿ 2ನ್ನು ಆದೇಶಿಸಿ, ಬಂದ 1ರಿಂದ ಭಾಗಿಸಿ, ಎಕ್ಸ್‌ನಿಂದ ಗುಣಿಸಬೇಕು. ವಿದ್ಯಾರ್ಥಿಗಳು ಕಂಠಪಾಠ ಮಾಡುವ ಈ ಅಪವಾದವನ್ನು ಅವಕಲಿಸಿ ನೋಡಿದರೆ ತಾನೇ ಸಿದ್ಧವಾಗುತ್ತದೆ.

ಇಲ್ಲೆಲ್ಲ ಒಂದು ನಿಬಂಧನೆ ಅಡಗಿದೆ. ಗುಣಕಗಳು ಸ್ಥಿರವಾಗಿರುವುದರಿಂದಲೇ (ಡಿ − 1), (ಡಿ − 2) ಎಂಬ ಕ್ರಿಯೆಗಳನ್ನು ಯಾವ ಕ್ರಮದಲ್ಲಿ ಮಾಡಿದರೂ ಫಲ ಒಂದೇ. ಗುಣಕ ಎಕ್ಸ್ ಆದೊಡನೆ ಈ ಸೌಲಭ್ಯ ತಪ್ಪುತ್ತದೆ: ಎಕ್ಸ್‌ನಿಂದ ಗುಣಿಸಿ ಅವಕಲಿಸುವುದು ಬೇರೆ, ಅವಕಲಿಸಿ ಗುಣಿಸುವುದು ಬೇರೆ.

ಈ ಭೇದವನ್ನು ಜಾರ್ಜ್ ಬೂಲ್ ಚೆನ್ನಾಗಿ ಅರಿತಿದ್ದನು. ಲಿಂಕನ್ ಪಟ್ಟಣದಲ್ಲಿ ಶಾಲೆ ನಡೆಸುತ್ತಿದ್ದ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈತನ ಕ್ರಿಯಾಚಿಹ್ನೆಗಳ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ 1844ರಲ್ಲಿ ಪ್ರಕಟಿಸಿ ಪದಕವನ್ನೂ ಇತ್ತಿತು. ಅರ್ಧ ಶತಮಾನದ ಬಳಿಕ ಅದೇ ಸಂಸ್ಥೆಯ ಎದುರಿಗೆ ನಿಂತವನು ಆಲಿವರ್ ಹೆವಿಸೈಡ್. ಈತನಿಗೂ ವಿಶ್ವವಿದ್ಯಾಲಯದ ಶಿಕ್ಷಣವಿರಲಿಲ್ಲ. ತಂತಿ ಕಂಪನಿಯ ಕೆಲಸ ಬಿಟ್ಟು ಮನೆಯಲ್ಲೇ ಅಭ್ಯಸಿಸಿದವನು. ತಂತಿಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ತಿಳಿಯಲು ಈತನು ಕ್ರಿಯಾಚಿಹ್ನೆಗೆ ಅರ್ಧಘಾತವನ್ನೂ ಕೊಟ್ಟನು. ಅರ್ಧ ಬಾರಿ ಅವಕಲಿಸುವುದೆಂದರೇನೆಂದು ಓದುಗರು ಬೆರಗಾದರೆ ಆಶ್ಚರ್ಯವಿಲ್ಲ. ಅಪಸರಣ ಶ್ರೇಣಿಗಳನ್ನೂ ನಿರ್ಭಯವಾಗಿ ಬಳಸಿದನು. 1893ರಲ್ಲಿ ಪ್ರಬಂಧದ ಎರಡು ಭಾಗಗಳು ಅಚ್ಚಾದುವು. ಮೂರನೆಯದನ್ನು ವಿಲಿಯಂ ಬರ್ನ್‌ಸೈಡ್ ಪರಿಶೀಲಿಸಿ ಪ್ರತಿಕೂಲವಾಗಿ ವರದಿ ಮಾಡಲು, 1894ರಲ್ಲಿ ಸೊಸೈಟಿ ಅದನ್ನು ತಿರಸ್ಕರಿಸಿತು.

ಇದನ್ನು ಪಂಡಿತರ ಅಸೂಯೆಯೆಂದು ಬಗೆಯುವುದು ಸುಲಭ. ನನಗೆ ಅದು ಸಮ್ಮತವಲ್ಲ. ಉತ್ತರ ಸರಿಬಂದಿತೆಂಬುದು ಸಾಧನೆಗೆ ಬದಲಿಯಾಗಲಾರದು. ಬರ್ನ್‌ಸೈಡ್ ಬೇಡಿದುದು ಸಾಧನೆಯನ್ನು. ಆದರೆ ಸಾಧನೆ ಇಲ್ಲದ ಮಾತ್ರಕ್ಕೆ ಮಾರ್ಗವನ್ನೇ ಮುಚ್ಚಬೇಕಾಗಿತ್ತೇ? 1916ರಲ್ಲಿ ಬ್ರಾಮ್‌ವಿಚ್ ಎಂಬ ಗಣಿತಜ್ಞನು ಸಂಮಿಶ್ರ ಸಂಖ್ಯೆಗಳ ಅನುಕಲನದಿಂದ ಈ ವಿಧಾನಕ್ಕೆ ಆಧಾರ ಒದಗಿಸಿದನು. ಆಗ ಹೆವಿಸೈಡ್ ಟಾರ್ಕೀ ಊರಿನಲ್ಲಿ ಏಕಾಂತವಾಸಿಯಾಗಿದ್ದನು. ವಯಸ್ಸು ಅರುವತ್ತೈದು ದಾಟಿತ್ತು.