ವಿಡಿಯೊ ಬಣ್ಣ: ಕಣ್ಣಳತೆಯೋ, ಮಾಪಕವೋ?

ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ನೆಲದಲ್ಲಿ ಕೆಂಪು ಜಂಬಿಟ್ಟಿಗೆಯೂ ಇದೆ, ಕಪ್ಪು ಎರೆಮಣ್ಣೂ ಇದೆ. ಮಣ್ಣಿನ ಪಾಠಕ್ಕಾಗಿ ಇವೆರಡರ ಮಾದರಿಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ನೀವು ವಿಡಿಯೊ ಮಾಡುತ್ತೀರಿ ಎನ್ನಿ. ಒಂದು ದೃಶ್ಯ ಬಸವಕಲ್ಯಾಣದ ಕೋಟೆಗೋಡೆಯ ನೆರಳಿನಲ್ಲಿ. ಇನ್ನೊಂದು ಹುಮನಾಬಾದಿನ ತರಗತಿಯಲ್ಲಿ, ಹಳದಿ ಬಲ್ಬಿನ ಕೆಳಗೆ. ಕ್ಯಾಮೆರಾದ ಹೊಂದಾಣಿಕೆ ಬದಲಿಸದಿದ್ದರೆ ಅದೇ ಬಟ್ಟೆ ಮೊದಲನೆಯದರಲ್ಲಿ ನೀಲಿಯಾಗಿ, ಎರಡನೆಯದರಲ್ಲಿ ಕಿತ್ತಳೆಯಾಗಿ ಕಾಣುತ್ತದೆ. ಮಣ್ಣಿನ ಬಣ್ಣವೂ ಅಷ್ಟೇ. ಬಣ್ಣವೇ ಪಾಠವಾದಾಗ ಯಾವುದನ್ನು ನಂಬಬೇಕು?

ಕಾರಣ ಬೆಳಕಿನಲ್ಲಿದೆ. ನೆರಳಿಗೆ ಬೀಳುವುದು ಮುಖ್ಯವಾಗಿ ನೀಲಿ ಆಕಾಶದ ಬೆಳಕು; ಅದರ ವರ್ಣತಾಪ ಸುಮಾರು 7,000 ಕೆಲ್ವಿನ್ ಅಥವಾ ಹೆಚ್ಚು. ಹಳದಿ ಬಲ್ಬಿನದು ಸುಮಾರು 3,000 ಕೆಲ್ವಿನ್. ನಮ್ಮ ಕಣ್ಣು, ಮಿದುಳು ಈ ವ್ಯತ್ಯಾಸಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಆದ್ದರಿಂದಲೇ ಬಣ್ಣ ತಿದ್ದಲು ಕಣ್ಣಳತೆ ಸಾಲದು.

ಸಂಪಾದನಾ ತಂತ್ರಾಂಶಗಳಲ್ಲಿ ಇದಕ್ಕೆ ಮಾಪಕಗಳಿವೆ. ಉಚಿತವಾಗಿ ದೊರೆಯುವ ಕೆಡೆನ್‌ಲೈವ್‌ನಲ್ಲೂ ಇವನ್ನು ಕಾಣಬಹುದು. ವೇವ್‌ಫಾರ್ಮ್ ನಕ್ಷೆಯ ಅಡ್ಡ ಅಕ್ಷ ಚಿತ್ರದ ಎಡ-ಬಲವನ್ನೂ, ಲಂಬ ಅಕ್ಷ ಪ್ರಕಾಶದ ಮಟ್ಟವನ್ನೂ ತೋರಿಸುತ್ತದೆ. ಪರೇಡ್ ನಕ್ಷೆ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ವೆಕ್ಟರ್‌ಸ್ಕೋಪಿನಲ್ಲಿ ಕೋನವು ಬಣ್ಣವನ್ನು, ಕೇಂದ್ರದಿಂದ ದೂರವು ಅದರ ಗಾಢತೆಯನ್ನು ಸೂಚಿಸುತ್ತದೆ. ಬಿಳಿ ಬಟ್ಟೆ ಕೇಂದ್ರದಲ್ಲೇ ಇರಬೇಕು.

ಒಂದು ಲೆಕ್ಕ ಮಾಡೋಣ. 0ಯಿಂದ 255ರವರೆಗಿನ ಅಳತೆಯಲ್ಲಿ, ಬಲ್ಬಿನ ಕೆಳಗಿನ ಬಟ್ಟೆಯ ಕೆಂಪು 210, ಹಸಿರು 190, ನೀಲಿ 150 ಇರಲಿ. ಬಿಳಿ ಎಂದರೆ ಮೂರೂ ಸಮ. ಹಸಿರನ್ನು ಹಾಗೆಯೇ ಬಿಟ್ಟು ಕೆಂಪನ್ನು 190/210, ಅಂದರೆ 0.90ರಿಂದಲೂ, ನೀಲಿಯನ್ನು 190/150, ಅಂದರೆ 1.27ರಿಂದಲೂ ಗುಣಿಸಿದರೆ ಮೂರೂ ಸುಮಾರು 190 ಆಗುತ್ತವೆ. ಅದೇ ಗುಣಕಗಳು ಮಣ್ಣಿನ ಬಣ್ಣವನ್ನೂ ಬಹುಮಟ್ಟಿಗೆ ಸರಿಪಡಿಸುತ್ತವೆ. ನೆರಳಿನ ದೃಶ್ಯಕ್ಕೆ ಬೇರೆ ಗುಣಕಗಳು ಬೇಕು.

ಆದರೆ ಈ ಗುಣಾಕಾರಕ್ಕೆ ಮಿತಿಯಿದೆ. ಚಿತ್ರೀಕರಣದಲ್ಲೇ ಕೆಂಪು 255 ಮುಟ್ಟಿದ್ದರೆ, ಅದಕ್ಕೂ ಮೇಲಿನ ವ್ಯತ್ಯಾಸಗಳು ದಾಖಲಾಗಿರುವುದೇ ಇಲ್ಲ. ಆಮೇಲೆ 230ಕ್ಕೆ ಇಳಿಸಿದರೂ ಜಂಬಿಟ್ಟಿಗೆಯ ರಂಧ್ರಗಳು ಮರಳಿ ಬಾರವು. ಸಪಾಟಾದ ಕೆಂಪು ಮಚ್ಚೆ ಮಾತ್ರ ಉಳಿಯುತ್ತದೆ. ಕೆಳತುದಿಯಲ್ಲೂ ಹೀಗೆಯೇ. 8 ಬಿಟ್ ವಿಡಿಯೊ ಪದ್ಧತಿಯಲ್ಲಿ ಸಾಮಾನ್ಯವಾಗಿ 16 ಕಪ್ಪು, 235 ಬಿಳಿ. 0–255 ಅಳತೆಯ ಕಡತವನ್ನು ತಂತ್ರಾಂಶ 16–235 ಎಂದು ತಪ್ಪಾಗಿ ಓದಿದರೆ, 16ಕ್ಕಿಂತ ಕೆಳಗಿನದೆಲ್ಲ ಒಂದೇ ಕಪ್ಪಾಗಿ, ಎರೆಮಣ್ಣಿನ ಹೆಂಟೆ, ಬಿರುಕುಗಳು ಮಾಯವಾಗುತ್ತವೆ.

ಆದುದರಿಂದ ಪ್ರತಿ ಬೆಳಕಿನಲ್ಲೂ ಮೊದಲು ಬಿಳಿ ಅಥವಾ ಬೂದು ಕಾಗದವನ್ನು ಕೆಲವು ಸೆಕೆಂಡು ಚಿತ್ರೀಕರಿಸಿ. ಬಿಳಿಯ ಮಟ್ಟ ಮೇಲಿನ ಮಿತಿ ಮುಟ್ಟದಂತೆ ನೋಡಿಕೊಳ್ಳಿ. ಸಂಪಾದಿಸುವಾಗ ಮೊದಲು ಮಟ್ಟ, ನಂತರ ಬಿಳಿ, ಕೊನೆಗೆ ಗಾಢತೆ ಸರಿಪಡಿಸಿ. ಚಿತ್ರ ಸುಂದರವಾಗಲೆಂದು ಕೆಂಪನ್ನು ಏರಿಸಬೇಡಿ. ಆ ಮಣ್ಣನ್ನು ಎಂದೂ ಕಾಣದ ವಿದ್ಯಾರ್ಥಿಗೆ ನಿಮ್ಮ ವಿಡಿಯೊ ತೋರಿಸಿದ ಬಣ್ಣವೇ ಅದರ ಬಣ್ಣ.