ಅಕ್ಷರಗಳ ಪಾತಾಳ

ಗಣಕಯಂತ್ರದ ಆಟವೆಂದೊಡನೆ ಬಣ್ಣದ ಚಿತ್ರಗಳೂ ಗುಂಡಿನ ಸದ್ದೂ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಬರಿಯ ಅಕ್ಷರಗಳಿಂದಲೇ ಒಂದು ಲೋಕವನ್ನು ಕಟ್ಟಿದ ಆಟಗಳೂ ಉಂಟು. 1980ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್‌ನಲ್ಲಿ ಮೈಕೇಲ್ ಟಾಯ್, ಗ್ಲೆನ್ ವಿಕ್‌ಮನ್ ಎಂಬ ವಿದ್ಯಾರ್ಥಿಗಳು ‘ರೋಗ್’ ಎಂಬ ಆಟವನ್ನು ರಚಿಸಿದರು. ನಮ್ಮ ಕಿವಿಗೆ ಬೇನೆಯೆಂದು ಕೇಳಿಸಿದರೂ ಇಂಗ್ಲಿಷಿನಲ್ಲಿ ಅದಕ್ಕೆ ಠಕ್ಕನೆಂದೇ ಅರ್ಥ. ಅದರ ಸಂತತಿಗೆ ‘ರೋಗ್‌ಲೈಕ್’ ಎಂದು ಹೆಸರಾಯಿತು. ಅಮೆರಿಕದ ಪಶ್ಚಿಮ ಸೀಮೆಯ ಬಂದೂಕುಗಾರರನ್ನೂ ಭೂತಪ್ರೇತಗಳನ್ನೂ ಬೆರೆಸಿದ ಆಟಗಳವರೆಗೆ ಈ ವಂಶ ಹಬ್ಬಿದೆ.

ಈ ವಂಶದ ಹಿರಿಯರಲ್ಲಿ ‘ನೆಟ್‌ಹ್ಯಾಕ್’ ಒಂದು. ಇದರ ಮೂಲವಾದ ‘ಹ್ಯಾಕ್’ ಮ್ಯಾಸಚೂಸೆಟ್ಸಿನ ಒಂದು ಹೈಸ್ಕೂಲಿನಲ್ಲಿ ಜೇ ಫೆನ್‌ಲಾಸನ್ ಮತ್ತು ಅವನ ಗೆಳೆಯರು ಬರೆದದ್ದು. ಹುಡುಗರ ಕೈಕೆಲಸವೆಂದು ತಳ್ಳಿಹಾಕುವಂತಿರಲಿಲ್ಲ. ಆಮ್‌ಸ್ಟರ್‌ಡಾಮಿನ ಗಣಿತಜ್ಞ ಆಂಡ್ರೀಸ್ ಬ್ರೌವರ್ 1984ರಲ್ಲಿ ಅದನ್ನು ಬೆಳೆಸಿ ಹೊರತಂದರು. 1987ರಲ್ಲಿ ಅದು ನೆಟ್‌ಹ್ಯಾಕ್ ಆಯಿತು.

ಮಿಂಚಂಚೆಯ ವಿಳಾಸದಲ್ಲಿ ಬರುವ ಸುರುಳಿಗುರುತೇ ಇಲ್ಲಿ ನೀವು. ಗೀಟುಗಳು ಗೋಡೆ, ಚುಕ್ಕೆಗಳು ನೆಲ. ಇಂಗ್ಲಿಷಿನ ಸಣ್ಣ ‘ಡಿ’ ನಾಯಿ, ದೊಡ್ಡ ‘ಡಿ’ ಘಟಸರ್ಪ. ಅಕ್ಷರಜ್ಞಾನ ಪ್ರಾಣ ಉಳಿಸುತ್ತದೆಂಬ ಮಾತು ಇಲ್ಲಿ ಅತಿಶಯೋಕ್ತಿಯಲ್ಲ! ಪಾತಾಳದ ತಳದಿಂದ ಒಂದು ತಾಯಿತವನ್ನು ತಂದು ದೇವತೆಗೆ ಅರ್ಪಿಸಬೇಕು. ಜೊತೆಗೆ ಒಂದು ನಾಯಿಯೋ ಬೆಕ್ಕೋ ಬರುವುದುಂಟು. ಯಂತ್ರದ ಪಂಚಾಂಗವನ್ನೂ ಆಟ ನೋಡುತ್ತದೆ: ಹುಣ್ಣಿಮೆಯಂದು ಅದೃಷ್ಟ ಹೆಚ್ಚು, ಅಮಾವಾಸ್ಯೆಯಂದು ಎಚ್ಚರಿಕೆಯ ಮಾತು.

ಇದರ ಕಠಿಣ ನಿಯಮವೆಂದರೆ, ಸತ್ತರೆ ಸತ್ತಂತೆಯೇ. ಆಟವನ್ನು ನಡುವೆ ನಿಲ್ಲಿಸಿ ಕಾದಿರಿಸಬಹುದು. ಮತ್ತೆ ತೆರೆದೊಡನೆ ಆ ಪ್ರತಿ ಅಳಿಸಿಹೋಗುತ್ತದೆ. ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವ ದಾರಿಯಿಲ್ಲ. ಹೊಸದಾಗಿ ಇಳಿದರೆ ಕೋಣೆ, ಹಾದಿ, ನಿಧಿ ಎಲ್ಲವೂ ಬೇರೆ. ಇದು ಕ್ರೌರ್ಯವೆಂದು ಕೆಲವರು ದೂರುತ್ತಾರೆ. ನನಗೆ ಹಾಗೆ ತೋರದು. ಕಂಠಪಾಠ ಮಾಡಿದ ದಾರಿ ಇಲ್ಲಿ ನಿಷ್ಪ್ರಯೋಜಕ. ಯಾವುದನ್ನು ತಿನ್ನಬಾರದು, ಯಾವಾಗ ಓಡಬೇಕು ಎಂಬ ವಿವೇಕವಷ್ಟೇ ಒಂದು ಜನ್ಮದಿಂದ ಇನ್ನೊಂದಕ್ಕೆ ದಾಟುತ್ತದೆ.

ಆಟಗಾರ ಸಾಯುತ್ತಾನೆ, ಆಟ ಸಾಯಲಿಲ್ಲ. ಅದರ ಮೂಲಪಾಠ ಎಲ್ಲರಿಗೂ ತೆರೆದಿರುವುದೇ ಇದಕ್ಕೆ ಕಾರಣ. ತಾಳೆಯೋಲೆಯ ಗ್ರಂಥವನ್ನು ಲಿಪಿಕಾರರು ಪ್ರತಿಮಾಡಿ ಕಾಪಾಡಿದಂತೆ, ಯಾರು ಬೇಕಾದರೂ ಇದನ್ನು ಓದಬಹುದು, ತಿದ್ದಬಹುದು. ತಿದ್ದಿ ಹಂಚಿದವರು ತಮ್ಮ ಪಾಠವನ್ನೂ ತೆರೆದಿಡಬೇಕು, ಅಷ್ಟೆ. ಲಿಪಿಕಾರರು ಹೀಗೆ ಪಾಠಾಂತರಗಳನ್ನು ತೋರಿಸಿದ್ದರೆ ನಮ್ಮ ಸಂಪಾದಕರ ಕಣ್ಣು ಎಷ್ಟೋ ಉಳಿಯುತ್ತಿತ್ತು!

ಮೊದಲಿನ ನಿರ್ಮಾಪಕರಲ್ಲಿ ಒಬ್ಬರಾದ ಇಝಾಕ್ ಮಿಲ್ಲರ್ ತತ್ತ್ವಶಾಸ್ತ್ರದ ಅಧ್ಯಾಪಕರು, 1994ರಲ್ಲಿ ತೀರಿಕೊಂಡರು. ಆಟದ ಗಣಿಗಳ ನಡುವೆ ಒಂದು ಪುಟ್ಟ ಪಟ್ಟಣವಿದೆ. ಅಲ್ಲಿನ ದೀಪದಂಗಡಿಯ ಯಜಮಾನನಿಗೆ ಗೆಳೆಯರು ಅವರ ಹೆಸರನ್ನಿಟ್ಟರು. ಉಳಿದ ಅಂಗಡಿಗಾರರ ಹೆಸರು ಪ್ರತಿ ಆಟದಲ್ಲಿಯೂ ಬದಲಾಗುತ್ತದೆ. ದೀಪದಂಗಡಿಯಲ್ಲಿ ಇಝಾಕನೇ ಕುಳಿತಿರುತ್ತಾನೆ. ಇನ್ನೂ ಕೆಳಗಿನ ಗಣಿಗಳಲ್ಲಿ ಕತ್ತಲೆ ಹೆಚ್ಚು. ಕೈಯಲ್ಲಿ ಹಣವಿದ್ದವರು ಅವನಲ್ಲಿ ಒಂದು ದೀಪ ಕೊಂಡು ಇಳಿಯುವುದು ಲೇಸು.