ತುಟಿಯ ತೂತಿಗೆ ಎಷ್ಟು ಮಿಲಿಮೀಟರು?

ಬೆಂಗಳೂರಿನ ಚರ್ಚ್ ಸ್ಟ್ರೀಟಿನಿಂದ ಒಂದು ಅಡ್ಡರಸ್ತೆಗೆ ಹೊರಳಿ ಮೊದಲ ಮಹಡಿ ಹತ್ತಿದರೆ ಮೈ ಚುಚ್ಚಿ ಒಡವೆ ತೊಡಿಸುವ ಈ ಪಿಯರ್ಸಿಂಗ್ ಸ್ಟುಡಿಯೊ. ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ಆಸ್ಪತ್ರೆಯಂಥ ವಾಸನೆ, ಬಿಳಿ ದೀಪ. ಗಾಜಿನ ಕಪಾಟಿನ ತುಂಬ ಒಡವೆಗಳಿದ್ದರೂ ನನ್ನ ಕಣ್ಣು ಮೊದಲು ಹೋದದ್ದು ಮೂಲೆಯಲ್ಲಿದ್ದ, ಕ್ರಿಮಿ ಕೊಲ್ಲುವ ಆಟೊಕ್ಲೇವ್ ಕಡೆಗೆ. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ 15 ನಿಮಿಷ, ಇಲ್ಲವೆ 134 ಡಿಗ್ರಿಯಲ್ಲಿ 3 ನಿಮಿಷ ಇದ್ದು ಬಂದ ಒಡವೆಯನ್ನಷ್ಟೇ ಇಲ್ಲಿ ಮೈಗೆ ತೊಡಿಸುತ್ತಾರೆ.

ಕೆಳತುಟಿಯ ಅಡಿ ನಡುಮಧ್ಯೆ ಪುಟ್ಟ ಬೊಟ್ಟು ತೊಟ್ಟ ಕಾಲೇಜು ಹುಡುಗಿಯೊಬ್ಬಳು ಕಾದು ಕೂತಿದ್ದಳು. ಈ ಬಗೆಯ ಒಡವೆಗೆ ಲ್ಯಾಬ್ರೆಟ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಲ್ಯಾಬ್ರಮ್ ಎಂದರೆ ತುಟಿ.

“ಅಕ್ಕ, ಇದು ಹದಿನಾಲ್ಕು ಗೇಜ್. ಒಂದೇ ಸಲ ಎಂಟಕ್ಕೆ ಹಿಗ್ಗಿಸ್ಬೋದಾ?”

ಪಿಯರ್ಸರ್ ಮಾತಾಡದೆ ಎರಡು ಕಡ್ಡಿಗಳನ್ನು ತಂದು ಅವಳ ಅಂಗೈಯಲ್ಲಿಟ್ಟರು. ಹದಿನಾಲ್ಕು ಗೇಜ್ ಅಂದರೆ 1.6 ಮಿ.ಮೀ. ದಪ್ಪ, ಎಂಟು ಗೇಜ್ ಅಂದರೆ 3.2. ಸರಿಯಾಗಿ ಎರಡರಷ್ಟು. ಹುಡುಗಿ ಕಡ್ಡಿಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು.

ಗೇಜಿನ ಲೆಕ್ಕ ತಲೆಕೆಳಗು: ಸಂಖ್ಯೆ ಇಳಿದಂತೆ ದಪ್ಪ ಏರುತ್ತದೆ. ಇದು ಕಂಬಿ ಎಳೆಯುವವರ ಲೆಕ್ಕದಿಂದ ಬಂದದ್ದು. ಅಚ್ಚಿನ ತೂತುಗಳಲ್ಲಿ ಹೆಚ್ಚು ಸಲ ಎಳೆದಷ್ಟೂ ಕಂಬಿ ಸಣ್ಣಗಾಗುತ್ತದೆ, ಸಂಖ್ಯೆ ದೊಡ್ಡದಾಗುತ್ತದೆ. ಹದಿನಾರು 1.2 ಮಿ.ಮೀ., ಹನ್ನೆರಡು 2, ಹತ್ತು ಸುಮಾರು 2.4. ಹದಿನಾರರಿಂದ ಹತ್ತರವರೆಗೆ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಸುಮಾರು 0.4 ಮಿ.ಮೀ. ಅಷ್ಟೇ ಅನಿಸಬಹುದು. ಆದರೆ 1.6ರಿಂದ 2ಕ್ಕೆ ಹೋದರೂ ತೂತಿನ ಸುತ್ತಳತೆ ಕಾಲುಭಾಗ ಹೆಚ್ಚುತ್ತದೆ. ನಡುವಿನ ಮೆಟ್ಟಿಲು ಹಾರಿದರೆ ಚರ್ಮ ಹಿಗ್ಗುವುದಿಲ್ಲ, ಹರಿಯುತ್ತದೆ.

“ಮತ್ತೆ ಅವ್ರು ಹೇಗೆ ಮಾಡ್ತಾರೆ?” ಗೋಡೆಯ ಮೇಲೆ ಇಥಿಯೋಪಿಯದ ಓಮೊ ಕಣಿವೆಯ ಮುರ್ಸಿ ಹೆಂಗಸಿನ ಚಿತ್ರವಿತ್ತು, ಕೆಳತುಟಿಯಲ್ಲಿ ಮಣ್ಣಿನ ಬಿಲ್ಲೆ.

“ಅವ್ರೂ ಮೊದ್ಲು ಮರದ ಸಣ್ಣ ತುಂಡಿಂದ್ಲೇ ಶುರು ಮಾಡೋದು ಕಣಮ್ಮ. ಬಿಲ್ಲೆ ದೊಡ್ಡದಾಗೋಕೆ ತಿಂಗಳುಗಟ್ಟಲೆ ಬೇಕು.”

ನನಗೆ ನೆನಪಾದದ್ದು ನಮ್ಮದೇ ಒಂದು ಪದ. ಓಲೆ ಎಂದರೆ ತಾಳೆಗರಿ. ಕಿವಿಯ ಒಡವೆಗೂ ಅದೇ ಹೆಸರು. ಸುರುಳಿ ಸುತ್ತಿದ ಗರಿಯನ್ನು ಕಿವಿಯ ತೂತಿಗೆ ಇಡುತ್ತಿದ್ದರು. ಸುತ್ತಿಟ್ಟ ಗರಿ ಬಿಚ್ಚಿಕೊಳ್ಳಲು ಹವಣಿಸುತ್ತದಲ್ಲ, ಆ ಮೆಲ್ಲನೆಯ ಒತ್ತಡಕ್ಕೆ ಹಾಲೆ ಹಗಲೂ ರಾತ್ರಿ ಹಿಗ್ಗುತ್ತಿತ್ತು. ಯಾರೂ ಬಲವಂತವಾಗಿ ನೂಕಬೇಕಾಗಿರಲಿಲ್ಲ. ತುಟಿಗೂ ಅದೇ ತಾಳ್ಮೆ ಬೇಕು, ಇನ್ನೂ ಹೆಚ್ಚೇ ಬೇಕು. ಕಿವಿ ಸುಮ್ಮನಿರುತ್ತದೆ, ತುಟಿ ಮಾತಾಡುತ್ತದೆ, ಉಣ್ಣುತ್ತದೆ, ಅದರ ಹಿಂದೆ ಹಲ್ಲುಗಳಿವೆ.

ಚುಚ್ಚಿಸಿಕೊಂಡ ಗಾಯ ಪೂರ್ತಿ ಮಾಗಿ ತಿಂಗಳುಗಳು ಕಳೆಯದೆ ಇಲ್ಲಿ ಹಿಗ್ಗಿಸುವ ಮಾತೇ ಇಲ್ಲ. ಒಂದು ಅಳತೆಯಿಂದ ಮುಂದಿನದಕ್ಕೂ ಎರಡು ಮೂರು ತಿಂಗಳಾದರೂ ಬಿಡುತ್ತಾರೆ. ತುದಿ ಸಣ್ಣಗಿರುವ ಟೇಪರ್ ಎಂಬ ಕಡ್ಡಿಗೆ ಜಾರುವ ದ್ರವ ಸವರಿ ತೂರಿಸುತ್ತಾರೆ. ಅದರ ಬೆನ್ನಿಗೇ ಹೊಸ ಒಡವೆ. ಅದು ಹೆಚ್ಚು ಪ್ರಯಾಸವಿಲ್ಲದೆ ಜಾರಬೇಕು. ಜೋರು ನೋವು ಬಂದರೆ, ರಕ್ತ ಕಂಡರೆ, ಅಲ್ಲಿಗೇ ನಿಲ್ಲಿಸಿ ಹಳೆಯ ಅಳತೆಗೆ ಮರಳುತ್ತಾರೆ.

ದಪ್ಪದ ಬಗ್ಗೆ ಎಲ್ಲರೂ ಕೇಳುತ್ತಾರೆ, ಉದ್ದದ ಬಗ್ಗೆ ಕೇಳುವವರು ಕಡಿಮೆ. ನನಗೆ ಅದೇ ಮುಖ್ಯವೆನಿಸಿತು. ಮೊದಲ ದಿನ ತುಟಿ ಊದಿಕೊಳ್ಳುವುದರಿಂದ 10–12 ಮಿ.ಮೀ. ಉದ್ದದ ಕಡ್ಡಿ ಹಾಕುತ್ತಾರೆ. ಊತ ಇಳಿದ ಮೇಲೆ ತುಟಿಯ ದಪ್ಪ ಅಳೆದು 8ಕ್ಕೋ 6ಕ್ಕೋ ಇಳಿಸಬೇಕು. ಹುಡುಗಿ ಇಳಿಸಿಕೊಂಡಿರಲಿಲ್ಲ. ಪಿಯರ್ಸರ್ ತುಟಿಯನ್ನು ಮೆಲ್ಲಗೆ ಮಗುಚಿ ಕನ್ನಡಿ ಹಿಡಿದರು. ಒಳಗಿನ ಚಪ್ಪಟೆ ಬಿಲ್ಲೆ ವಸಡಿಗೆ ತಾಗಿ ತಾಗಿ, ಒಂದು ಹಲ್ಲಿನ ಬುಡದಲ್ಲಿ ವಸಡು ಕೆಳಗೆ ಸರಿದಿತ್ತು. ಸರಿದ ವಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಕಡ್ಡಿ ದಪ್ಪವಾದರೆ ಬಿಲ್ಲೆಯೂ ದೊಡ್ಡದಾಗುತ್ತದೆ, ಭಾರವೂ ಹೆಚ್ಚುತ್ತದೆ. ಹುಡುಗಿ ಕನ್ನಡಿಯನ್ನು ಬಹಳ ಹೊತ್ತು ಬಿಡಲಿಲ್ಲ.

“ಅಮ್ಮನ ಚಿನ್ನದಲ್ಲಿ ಮಾಡಿಸ್ಲಾ?” ಎಂದಳು. 22 ಕ್ಯಾರೆಟ್ ಚಿನ್ನ ಮೆದು. ಗೀರು ಬಿದ್ದರೆ ಆ ಗೀರು ಒಳಚರ್ಮವನ್ನು ಕೆರೆಯುತ್ತದೆ. ಜರ್ಮನ್ ಸಿಲ್ವರ್ ಒಡವೆಯೂ ಬೇಡ, ಅದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ನಿಕ್ಕಲ್ ಹಲವರಿಗೆ ಅಲರ್ಜಿ. ಇಲ್ಲಿ ಕೊಡುವುದು ಎಎಸ್‌ಟಿಎಂ ಎಫ್136 ದರ್ಜೆಯ ಟೈಟಾನಿಯಂ. ಮೈಯೊಳಗೆ ಕೂರಿಸುವ ಇಂಪ್ಲಾಂಟ್‌ಗಳಿಗೆ ಬಳಸುವಂಥದ್ದು. ಕೊಳ್ಳುವವರು ಆ ದರ್ಜೆಯ ಪ್ರಮಾಣಪತ್ರ ಕೇಳಿ ನೋಡಬೇಕು.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ತೀರ್ಮಾನಿಸುವುದು ಒಳ್ಳೆಯದು. ಹಿಗ್ಗಿದ ತೂತು ಒಂದು ಹಂತ ದಾಟಿದರೆ ಒಡವೆ ತೆಗೆದರೂ ಮೊದಲಿನಂತೆ ಮುಚ್ಚುವುದಿಲ್ಲ; ನೀರು ಕುಡಿಯುವಾಗ ಅಲ್ಲಿಂದಲೇ ಸೋರಬಹುದು. ಆ ಹಂತ ಒಬ್ಬೊಬ್ಬರಿಗೆ ಒಂದೊಂದು. 2 ಮಿ.ಮೀ.ಗೆ ಸಾಕೆಂದವರ ಪರ ನಾನು.

ಆ ದಿನ ಹುಡುಗಿಯ ತುಟಿಗೆ ಹಾಕಿದ್ದು ಅದೇ 1.6 ದಪ್ಪದ, 8 ಮಿ.ಮೀ. ಉದ್ದದ ಕಡ್ಡಿ. ಹಿಗ್ಗಿಸುವ ಮೊದಲು ದಂತವೈದ್ಯರಿಗೆ ತೋರಿಸಿ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ನೀವೋ ನಿಮ್ಮ ಮನೆಯ ಮಕ್ಕಳೋ ಇಂಥ ಕಡೆ ಹೋಗುವುದಿದ್ದರೆ ಗೇಜ್ ಕೇಳಿ ಸುಮ್ಮನಾಗಬೇಡಿ. ದಪ್ಪ, ಉದ್ದ ಎರಡನ್ನೂ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ.